ರಕ್ತನಾಳಕ್ಕೆ ಅಂಟಿಕೊಂಡ ಫಿಲ್ಟರ್

ಅಡಿಕೆ ಮರದಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡವರನ್ನು ಕಾಸರಗೋಡಿನ ಹಳ್ಳಿಗಳಿಂದ ಮಂಗಳೂರಿಗೆ ಒಯ್ಯುವುದು ಹೊಸತಲ್ಲ. ಅಲುಗಾಡದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಆ ಹೆಪ್ಪು ಕಳಚಿ, ಹೃದಯವನ್ನು ಹಾದು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ರಕ್ತವನ್ನು ತೆಳುವಾಗಿಸುವ ಔಷಧವೇ ಇದಕ್ಕೆ ಮೊದಲ ಮದ್ದು. ಆದರೆ ತಲೆಗೂ ಪೆಟ್ಟಾಗಿ ಒಳಗೆ ರಕ್ತ ಸೋರುತ್ತಿದ್ದರೆ ಅದನ್ನು ಕೊಡುವಂತಿಲ್ಲ. ಅಂಥ ಸಂದರ್ಭದಲ್ಲಿ ವೈದ್ಯರು ಹೊಟ್ಟೆಯೊಳಗಿನ ಕೆಳ ಮಹಾ ಅಭಿಧಮನಿಯಲ್ಲಿ ಒಂದು ಫಿಲ್ಟರನ್ನು ಇರಿಸುತ್ತಾರೆ. ಬಟ್ಟೆ ಕಳಚಿದ ಕೊಡೆಯ ಕಡ್ಡಿಗಳನ್ನು ಹೋಲುವ ಈ ಪುಟ್ಟ ಲೋಹದ ಸಾಧನವು ಮೇಲೇರಿ ಬರುವ ಹೆಪ್ಪನ್ನು ತಡೆದು ನಿಲ್ಲಿಸುತ್ತದೆ.

ಕಾಲು ಕೂಡಿದ ಮೇಲೆ ರೋಗಿ ನಡೆಯತೊಡಗುತ್ತಾನೆ. ಎಲುಬಿನ ವೈದ್ಯರಿಗೂ ಸಮಾಧಾನ. ಫಿಲ್ಟರ್ ಹಾಕಿದವರಾದರೋ ಬೇರೆ ವಿಭಾಗದವರು. ರೋಗಿ ಅವರನ್ನು ಕಂಡದ್ದು ಒಮ್ಮೆ, ಅದೂ ಅರೆಪ್ರಜ್ಞೆಯಲ್ಲಿ. ಮನೆಗೆ ಬಂದ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಫಿಲ್ಟರಿನ ವಿಷಯ ಅದರಲ್ಲಿ ಒಂದು ಸಾಲು ಮಾತ್ರ. ಕನ್ನಡ ಶಾಲೆಯಲ್ಲಿ ಓದುವ ಮಗ ಅಕ್ಷರ ಕೂಡಿಸಿ ಓದಿದರೂ ಅದನ್ನು ಮರಳಿ ತೆಗೆಸಬೇಕೆಂಬ ಅರ್ಥ ಆ ಸಾಲಿನಿಂದ ಹೊರಡುವುದಿಲ್ಲ.

ತೆಗೆಯುವ ಕೆಲಸ, ಕಾಲಕ್ಕೆ ಸರಿಯಾಗಿ ನಡೆದರೆ, ಬಹುಮಟ್ಟಿಗೆ ಸರಳ. ಕತ್ತಿನ ಅಭಿಧಮನಿಯ ಮೂಲಕ ಸಣ್ಣ ಕೊಳವೆಯನ್ನು ಇಳಿಸಿ, ತಂತಿಯ ಕುಣಿಕೆಯಿಂದ ಫಿಲ್ಟರಿನ ತುದಿಯ ಕೊಕ್ಕೆಯನ್ನು ಹಿಡಿದು, ಕೊಳವೆಯನ್ನು ಅದರ ಮೇಲೆ ಸರಿಸಿದರೆ ಕೊಡೆ ಮಡಚಿಕೊಂಡು ಹೊರಬರುತ್ತದೆ. ದಿನ ಕಳೆದಂತೆ ಅದರ ಕಾಲುಗಳ ಮೇಲೆ ನಾಳದ ಒಳಪದರ ಬೆಳೆಯುತ್ತದೆ. ಫಿಲ್ಟರ್ ವಾಲಿದ್ದರೆ ಕೊಕ್ಕೆಯೂ ಗೋಡೆಯೊಳಗೆ ಹೂತುಹೋಗುತ್ತದೆ. ಬಲವಂತವಾಗಿ ಎಳೆದರೆ ಹರಿಯುವುದು ದೇಹದ ಅತಿ ದೊಡ್ಡ ಅಭಿಧಮನಿ. ಹಾಗೆಂದು ಬಿಟ್ಟರೂ ಅಪಾಯ ತಪ್ಪಿದ್ದಲ್ಲ. 2005ರಿಂದ ತನಗೆ ಬಂದ 921 ವರದಿಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ ಪ್ರಕಟಿಸಿತು. ಅವುಗಳಲ್ಲಿ 328 ಫಿಲ್ಟರ್ ಸ್ಥಳಾಂತರಗೊಂಡವು, 70 ನಾಳವನ್ನು ಚುಚ್ಚಿದವು, 56 ಮುರಿದವು. ಅಪಾಯದ ಕಾರಣ ತೀರಿದವರಲ್ಲಿ, ಹಾಕಿದ 29ರಿಂದ 54 ದಿನಗಳ ನಡುವೆಯೇ ತೆಗೆಯುವುದರ ಲಾಭ ಇಡುವುದರ ಲಾಭವನ್ನು ಮೀರತೊಡಗುತ್ತದೆಂದು ಅದೇ ಸಂಸ್ಥೆ 2014ರಲ್ಲಿ ತಿಳಿಸಿತು. ಎರಡು ತಿಂಗಳಿಗೂ ಕಡಿಮೆ ಎಂಬುದನ್ನು ಗಮನಿಸಬೇಕು.

ಅಂಟಿಕೊಂಡಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಕೊಕ್ಕೆಯ ಮೇಲೆ ಬೆಳೆದ ಪದರವನ್ನು ಉದ್ದನೆಯ ಇಕ್ಕಳದಿಂದ ಬಿಡಿಸುವ ಕ್ರಮವಿದೆ. ತುದಿಯಲ್ಲಿ ಲೇಸರ್ ಇರುವ ಕೊಳವೆಯಿಂದ, ಅದು ಮುಟ್ಟಿದಷ್ಟು ಅಂಗಾಂಶವನ್ನು ಮಾತ್ರ ಕರಗಿಸಿ ಫಿಲ್ಟರನ್ನು ಬಿಡಿಸುವ ಕ್ರಮವೂ ಇದೆ. ಇದಕ್ಕಾಗಿಯೇ ತಯಾರಾದ ಸಾಧನಕ್ಕೆ ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ಇವು ಎಲ್ಲ ಆಸ್ಪತ್ರೆಗಳಲ್ಲಿ ನಡೆಯುವ ಕೆಲಸಗಳಲ್ಲ, ಕೈ ಪಳಗಿದವರಿಗೇ ಮೀಸಲು. ಶಾಶ್ವತವಾಗಿಯೇ ಇರಿಸಿದ ಫಿಲ್ಟರುಗಳೂ ಉಂಟು; ಹೆಪ್ಪಿನ ಭಯ ಇನ್ನೂ ಉಳಿದವರಿಗೆ ಅದು ಬೇಕೇ ಬೇಕು. ಆದಕಾರಣ ಯಾರೂ ಗಾಬರಿಯಿಂದ ಓಡಬೇಕಾಗಿಲ್ಲ, ಕೇಳಿ ತಿಳಿಯಬೇಕು.

ಕೇಳುವ ಹಕ್ಕು ಕಾನೂನಿನದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರ್ಯಾಯ, ಮುಖ್ಯ ಅಪಾಯ ಇವನ್ನು ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಸಾರ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದು ತಿಳಿಸಿದಂತಾಯಿತೇ ಎಂದು ಗಡಿಯಾಚೆಗೆ ಚಿಕಿತ್ಸೆಗೆ ಹೋಗುವವರು ಕೇಳಿದರೆ ತಪ್ಪಿಲ್ಲ. ದಾಖಲೆ ಕೋರಿದ ರೋಗಿಗೆ 72 ಗಂಟೆಗಳೊಳಗೆ ಪ್ರತಿ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಅದೇ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ಆಸ್ಪತ್ರೆ ಕಾಯ್ದಿರಿಸಬೇಕಾದುದು ಮೂರೇ ವರ್ಷ. ನಾಲ್ಕನೆಯ ವರ್ಷ ಹೊಟ್ಟೆನೋವು ಬಂದು ಸ್ಕ್ಯಾನಿನಲ್ಲಿ ಫಿಲ್ಟರ್ ಕಂಡರೆ, ಅದು ಯಾವ ಕಂಪನಿಯದು, ತೆಗೆಯಬಲ್ಲ ಬಗೆಯದೇ ಎಂದು ಹೇಳುವ ಕಾಗದ ಮನೆಯ ಪೆಟ್ಟಿಗೆಯಲ್ಲೇ ಇರಬೇಕಾಗುತ್ತದೆ.

ದೂರಿಗೂ ಅವಧಿಯುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೆಯ ಕಲಮಿನಂತೆ ಅದು ಎರಡು ವರ್ಷ. ಒಳಗಿನ ತೊಂದರೆ ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬಹುದೆಂಬ ವಾದಕ್ಕೆ ಅವಕಾಶವಿದೆಯಾದರೂ ಅದಕ್ಕೊಂದು ಎಲ್ಲೆಯಿದೆ. ಶಸ್ತ್ರಕ್ರಿಯೆಯಾದ ಒಂಬತ್ತು ವರ್ಷಗಳ ಮೇಲೆ ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿದ ಗೋವೆಯ ದಾದಿಯೊಬ್ಬರ ದೂರನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಕಾಲಮೀರಿದ್ದೆಂದು ತಳ್ಳಿತು. ನೋವಿದ್ದೂ ಅಷ್ಟು ವರ್ಷ ಮೊದಲಿನ ವೈದ್ಯರ ಬಳಿಗೆ ಹೋಗಲಿಲ್ಲವೇಕೆಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು. ಕಠಿಣವೆನಿಸುವ ತೀರ್ಪು ಅದು. ಇಂದಿಗೂ ವಾದಗಳಲ್ಲಿ ಎದುರಾಗುತ್ತದೆ.

ಗಡಿನಾಡಿಗೆ ಅನುಕೂಲವಾದ ಮಾತೊಂದು ಆ ಕಾಯ್ದೆಯಲ್ಲೇ ಇದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿದ್ದರೂ ಬದಿಯಡ್ಕದವರು ಕಾಸರಗೋಡಿನಲ್ಲೇ ಅರ್ಜಿ ಹಾಕಬಹುದು. ಅದಕ್ಕಿಂತ ಮೊದಲು ಆಸ್ಪತ್ರೆಯಿಂದ ಹೊರಡುವ ದಿನವೇ, ಫಿಲ್ಟರ್ ಹಾಕಿದ ದಿನಾಂಕ, ಅದರ ಹೆಸರು, ತೆಗೆಸಲು ಎಂದು ಯಾರ ಬಳಿ ಬರಬೇಕೆಂಬುದು, ಇಷ್ಟನ್ನು ಕಾಗದದ ಮೊದಲ ಪುಟದಲ್ಲಿಯೇ ಬರೆಸಿಕೊಳ್ಳಬೇಕು. ಮನೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಕನ್ನಡದಲ್ಲಿ ಗುರುತಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು.