ಮಳೆಗಾಲದ ತಲೆಹೊಟ್ಟು

ಹಾಸನ ಜಿಲ್ಲೆಯ ಮಗ್ಗೆಯಂತಹ ಬೆಟ್ಟಸೀಮೆಯ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಮಿಂದ ಕೂದಲು ಬೇಗನೆ ಆರದು. ಹೊಟ್ಟು ಕಂಡೊಡನೆ ತಲೆ ಒಣಗಿದೆಯೆಂದು ತಾಯಂದಿರು ಮತ್ತಷ್ಟು ಎಣ್ಣೆ ತೀಡುವುದುಂಟು. ಇದು ಸರಿಯಲ್ಲ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ದೊಡ್ಡವರು ಶೇಕಡ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲದಂತೆ 2ರಿಂದ 4 ವಾರ ಬಳಸಬಹುದು; ನೊರೆಯನ್ನು 5 ನಿಮಿಷ ಬಿಟ್ಟು ತೊಳೆಯಬೇಕು. ಗಡ್ಡದ ಹೊಟ್ಟಿಗೂ ಇದು ಒದಗುತ್ತದೆ. ಕೂದಲು ಪೂರ್ತಿ ಆರಿದ ಮೇಲೆಯೇ ಜಡೆ ಹೆಣೆಯುವುದು ಒಳಿತು.

ಆದರೆ ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ದುಂಡಗೆ ಕೂದಲುದುರಿ ಹೊಟ್ಟೇಳುತ್ತಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಅದಕ್ಕೆ ನುಂಗುವ ಔಷಧಿಯೇ ಬೇಕು. ತಡಮಾಡಿದರೆ ಕಲೆಯುಳಿದು, ಅಲ್ಲಿ ಮತ್ತೆ ಕೂದಲು ಹುಟ್ಟದೆ ಹೋಗಬಹುದು. ಬಾಚಣಿಗೆ, ಟವೆಲು ಬೇರೆಯಿರಿಸಿ, ಬೇಗನೆ ವೈದ್ಯರಿಗೆ ತೋರಿಸುವುದೇ ಲೇಸು.