ಕಾಕಾನ ಕೈಗೆ ನನ್ನ ಆ್ಯಪ್ ಬೇಕಿರಲಿಲ್ಲ

ಹೋದ ವಾರ ಆಫೀಸಿನಿಂದ ಮೇಲ್ ಬಂತು. ಈ ಸಲದ ಹ್ಯಾಕಥಾನ್ ಥೀಮು ಹೆಲ್ತ್‌ಕೇರ್ ಅಂತೆ. ಉದಾಹರಣೆಗೆ ಕೊಟ್ಟಿದ್ದ ಐಡಿಯಾಗಳಲ್ಲಿ ಮೊದಲನೆಯದೇ ಪಾರ್ಶ್ವವಾಯು ಆದವರ ಕೈ ಮತ್ತೆ ಆಡುವಂತೆ ಮಾಡೋ ಎಐ. 24 ತಾಸಿನಲ್ಲಿ ಮಾಡಿ ತೋರಿಸಬೇಕು, ಪಿಜ್ಜಾ ಫ್ರೀ. ಓದಿ ಮೈ ಉರೀತು. ಯಾಕಂದ್ರೆ ಈ ಆಟ ನಾನು ಆಗಲೇ ಆಡಿ ಮುಗಿಸಿದ್ದೀನಿ, ಅದೂ ಸ್ವಂತ ಕಾಕಾನ ಬಲಗೈ ಮೇಲೆ.

ನಮ್ಮೂರು ತಿಕೋಟಾ ಮತ್ತು ಬಬಲೇಶ್ವರದ ನಡುವೆ ಇದೆ. ಕಾಕಾನದು ಮೂರು ಎಕರೆ ದ್ರಾಕ್ಷಿ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋ ಕೆಲಸ ಇರುತ್ತೆ. ಎಲ್ಲಿ ಕತ್ತರಿಸಬೇಕು, ಎಷ್ಟು ಕಣ್ಣು ಬಿಡಬೇಕು ಅಂತ ಅಕ್ಕಪಕ್ಕದ ತೋಟದವರೂ ಆತನನ್ನೇ ಕೇಳೋರು. ಒಂದು ಮುಂಜಾನೆ ಚಹಾದ ಕಪ್ಪು ಕೈಯಿಂದ ಜಾರಿತು, ಬಾಯಿ ಒಂದು ಕಡೆ ವಾರೆ ಆಯ್ತು. ನಮ್ಮ ಕಡೆ ಇದಕ್ಕೆ ‘ಲಕ್ವಾ ಹೊಡೀತು’ ಅಂತಾರೆ. ಗಾಡಿ ಹೊಂದಿಸಿ ವಿಜಯಪುರದ ಆಸ್ಪತ್ರೆ ಮುಟ್ಟೋದರಲ್ಲಿ ಮಧ್ಯಾಹ್ನ ದಾಟಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನಿಗೆ ಇರೋ ನಾಲ್ಕೂವರೆ ತಾಸಿನ ಗಡುವು ಮುಗಿದಿತ್ತು. ಜೀವ ಉಳೀತು. ಮನೆಗೆ ಕಳಿಸುವಾಗ ಕೊಟ್ಟ ಹಾಳೆಯ ಕೊನೇ ಸಾಲಿನಲ್ಲಿ ಫಿಸಿಯೋಥೆರಪಿ ಮುಂದುವರಿಸಿ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಎಲ್ಲಿ, ಯಾರ ಹತ್ತಿರ, ದಿನಕ್ಕೆಷ್ಟು ಹೊತ್ತು ಅನ್ನೋದು ಇರಲಿಲ್ಲ.

ಪಾರಿವಾಳದ ರಕ್ತ ಹಚ್ಚಿ ತಿಕ್ಕಬೇಕು ಅಂದವರನ್ನು ನಾನೇ ಬೈದು ಕಳಿಸಿದೆ. ಆಮೇಲೆ ನನ್ನದೇ ಒಂದು ಪಾರಿವಾಳ ಹಾರಿಸಿದೆ. ಬೆಂಗಳೂರಿಗೆ ವಾಪಸ್ ಬಂದು, ರಾತ್ರಿ ನಿದ್ದೆಗೆಟ್ಟು, ಮೂರು ವಾರದಲ್ಲಿ ಆ್ಯಪ್ ಕಟ್ಟಿದೆ. ಫೋನಿನ ಕ್ಯಾಮೆರಾ ಕೈಯನ್ನು ಗುರುತಿಸುತ್ತೆ, ಕೈ ಎತ್ತಿದರೆ ಪರದೆಯ ಮೇಲಿನ ಬಲೂನು ಒಡೆಯುತ್ತೆ, ಒಡೆದರೆ ‘ಗ್ರೇಟ್ ಜಾಬ್’ ಅಂತ ಒಬ್ಬಳು ಹೇಳ್ತಾಳೆ. ನನ್ನ ಟೇಬಲ್ ಮೇಲೆ, ನನ್ನ ಟ್ಯೂಬ್‌ಲೈಟಿನ ಕೆಳಗೆ, ನನ್ನ ಗಟ್ಟಿ ಕೈಗೆ ಸೊಗಸಾಗಿ ನಡೀತಿತ್ತು. ಊರಲ್ಲಿ ಪಡಸಾಲೆಯ ಮಬ್ಬು ಬೆಳಕು, ಮೇಲೇಳದ ಕೈ. ಕಾಕಾ ಎರಡು ದಿನ ನೋಡಿ ಹೇಳಿದ: “ತಮ್ಮಾ, ಇದು ನನ್ನ ಕೈ ನೋಡವಲ್ದು, ಗ್ವಾಡಿ ನೋಡಾಕ ಹತ್ತೈತಿ.”

ಆ್ಯಪ್ ಕೆಟ್ಟದ್ದಿತ್ತು ಅನ್ನೋದು ಸಣ್ಣ ಮಾತು. ಆ ಮೂರು ವಾರ ಮನೆಯವರು ಯಾರೂ ಕಾಕಾನನ್ನು ಫಿಸಿಯೋಥೆರಪಿಗೆ ಕರಕೊಂಡು ಹೋಗಲಿಲ್ಲ. “ಹುಡುಗ ಬೆಂಗಳೂರಾಗ ಏನೋ ಮಾಡಾಕ ಹತ್ಯಾನ, ಬರಲಿ” ಅಂತ ಕಾದರು. ಲಕ್ವಾ ಆದ ಮೇಲೆ ಕೈ ಚೇತರಿಸಿಕೊಳ್ಳೋದರಲ್ಲಿ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಆಗುತ್ತೆ. ಅದರಲ್ಲಿ ಮೂರು ವಾರ ನಾನು ತಿಂದು ಹಾಕಿದೆ.

ಆಮೇಲೆ ಕೂತು ಓದಿದೆ. ಕೋಡ್ ಬರೆಯೋಕೆ ಮೊದಲೇ ಓದಬೇಕಿತ್ತು, ಬಿಡಿ. ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಮತ್ತು ಜೊತೆಗಾರರು ಲಕ್ವಾ ಆದವರ 312 ಚಿಕಿತ್ಸಾ ಅವಧಿಗಳನ್ನು ಗಮನಿಸಿ, ಏನೇನು ಎಷ್ಟೆಷ್ಟು ಸಲ ಮಾಡಿಸ್ತಾರೆ ಅಂತ ಎಣಿಸಿ 2009ರಲ್ಲಿ ಪ್ರಕಟಿಸಿದರು. ಕೈಯಿಂದ ಕೆಲಸ ಮಾಡಿಸಿದ ಅವಧಿಗಳಲ್ಲೂ ಸರಾಸರಿ 32 ಸಲ ಅಷ್ಟೇ. ಮಿದುಳು ಹೊಸ ದಾರಿ ಕಂಡುಕೊಳ್ಳುತ್ತೆ ಅಂತ ತೋರಿಸಿದ ಪ್ರಾಣಿ ಪ್ರಯೋಗಗಳಲ್ಲಿ ಅದೇ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡಿಸಿರ್ತಾರೆ. ಕಾಯಿಲೆಗೆ ಔಷಧ ಗೊತ್ತಿದೆ, ಕೊಡ್ತಿರೋದು ಒಂದು ಹನಿ.

ಹಾಗಾದರೆ ನೂರಾರು ಸಲ ಮಾಡಿಸೋಕೆ ರೋಬೋ ತರೋಣ ಅಂತ ನಿಮಗನ್ನಿಸುತ್ತೆ, ನನಗೂ ಅನ್ನಿಸಿತ್ತು. ಬ್ರಿಟನ್ನಿನಲ್ಲಿ 770 ಜನರ ಮೇಲೆ ಅದನ್ನೇ ಮಾಡಿ ನೋಡಿದ್ದಾರೆ. ಎಂಐಟಿಯಲ್ಲಿ ಹುಟ್ಟಿದ ರೋಬೋ, 45 ನಿಮಿಷದ ಅವಧಿ, ವಾರಕ್ಕೆ ಮೂರು ದಿನ, 12 ವಾರ. ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೈಯ ಚಲನೆಯ ಅಂಕ ಒಂಚೂರು ಏರಿತು, ಆದರೆ ಲೋಟ ಹಿಡಿಯೋ, ಎತ್ತಿ ಇಡೋ ಕೆಲಸದಲ್ಲಿ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ರೋಬೋ ಜೊತೆ ಕೈ ಆಡಿಸೋದು ಕಲಿತವನು ರೋಬೋ ಜೊತೆ ಕೈ ಆಡಿಸೋದನ್ನೇ ಕಲಿತಿರ್ತಾನೆ ಅಂತ ನಾನು ಅರ್ಥ ಮಾಡಿಕೊಂಡೆ.

ಇನ್ನೊಂದು ಕಡೆ ಕಡಿಮೆ ಖರ್ಚಿನ ಜಾಣರಿದ್ದಾರೆ. ನಮ್ಮದು ಕುಟುಂಬದ ದೇಶ, ಮನೆಯವರಿಗೇ ವ್ಯಾಯಾಮ ಕಲಿಸಿಬಿಟ್ಟರೆ ಸಾಕು ಅಂತಾರೆ. ಅದನ್ನೂ ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ಜನರ ಮೇಲೆ ಪರೀಕ್ಷಿಸಿದರು. ‘ಅಟೆಂಡ್’ ಅಂತ ಆ ಅಧ್ಯಯನದ ಹೆಸರು, 2017ರಲ್ಲಿ ಪ್ರಕಟವಾಯ್ತು. ಆರು ತಿಂಗಳ ನಂತರ ಸಾವಿನಲ್ಲಾಗಲಿ, ಪರಾವಲಂಬನೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಯಾಕಿರಬಹುದು ಅನ್ನೋದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡ್ತೀನಿ. ಕಾಕು ದಿನಾ ಕಾಕಾನ ಕೈ ಹಿಡಿದು ಎಳೆದೆಳೆದು ಎತ್ತುತ್ತಿದ್ದಳು, ಪ್ರೀತಿಯಿಂದಲೇ. ಶಕ್ತಿಯಿಲ್ಲದ ಕೈಯನ್ನು ಹಾಗೆ ಎಳೀಬಾರದು, ಭುಜದ ಕೀಲು ನೋಯುತ್ತೆ. ಹತ್ತೇ ದಿನಕ್ಕೆ ಕಾಕಾ ಕೈ ಮುಟ್ಟಿದರೆ ಚೀರೋ ಹಾಗಾದ. ತಪ್ಪು ಕಾಕುನದಲ್ಲ. ಇದೆಲ್ಲ ಹೇಳಿಕೊಡಬೇಕಾದ ಒಂದು ಜೀವ ಅಲ್ಲಿ ಇರಲಿಲ್ಲ.

ಕೊನೆಗೆ ಆ ಜೀವ ವಿಜಯಪುರದಲ್ಲಿ ಸಿಕ್ಕಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕ ಫಿಸಿಯೋಥೆರಪಿಸ್ಟ್, ಅಪ್ಪಟ ನಮ್ಮ ಕಡೆಯ ಮಾತು. ಆಕೆ ಮೊದಲು ಭುಜದ ನೋವು ಸರಿ ಮಾಡಿದರು. ಬೆರಳಿನಲ್ಲಿ ಸ್ವಲ್ಪ ಚಲನೆ ಕಂಡ ಮೇಲೆ “ಕಾಕಾರ, ಮನ್ಯಾಗ ಒಣದ್ರಾಕ್ಷಿ ಅದಾವಲ್ರಿ?” ಅಂತ ಕೇಳಿದರು. ತಿಕೋಟಾ ಕಡೆಯ ದ್ರಾಕ್ಷಿಯವರನ್ನು ಕೇಳೋ ಪ್ರಶ್ನೆಯೇ ಅದು? ಒಂದು ತಾಟಿನಿಂದ ಒಂದೊಂದೇ ಒಣದ್ರಾಕ್ಷಿ ಎತ್ತಿ ಡಬ್ಬಿಗೆ ಹಾಕೋದು. ಐವತ್ತರಿಂದ ಶುರು ಮಾಡಿ ಮುನ್ನೂರಕ್ಕೆ ಒಯ್ಯೋದು. ವಾರಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ತೋರಿಸೋದು. ಉಳಿದ ದಿನ ಸಂಜೆ ಹತ್ತು ನಿಮಿಷ ವಿಡಿಯೋ ಕಾಲ್. ಕಾಕು ದಿನದ ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸ್ತಾಳೆ: “ಇವತ್ತ ಎರಡನೂರಾ ಎಪ್ಪತ್ತು. ಅದರಾಗ ಇಪ್ಪತ್ತು ತಿಂದಾನ.” ನಾನು ಅದನ್ನು ಒಂದು ಎಕ್ಸೆಲ್ ಶೀಟಿಗೆ ಹಾಕ್ತೀನಿ. ನನ್ನ ಬಿಇ ಡಿಗ್ರಿಗೆ ಸಿಕ್ಕ ಕೆಲಸ ಇಷ್ಟೇ.

ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ, ಅದರಿಂದಲೇ ಅನ್ನ ತಿಂತೀನಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಭೌತಶಾಸ್ತ್ರ ವಿಭಾಗದ ಅವೀಕ್ ಬಿದ್ ಅವರ ತಂಡ 2021ರಲ್ಲಿ ಒಂದು ಮೆತ್ತನೆಯ ಗ್ಲೌಸ್ ತೋರಿಸಿತು. ತ್ರೀಡಿ ಪ್ರಿಂಟ್ ಮಾಡಿದ್ದು. ಪಾರದರ್ಶಕ ರಬ್ಬರಿನ ಒಂದು ತುದಿಯಿಂದ ಬೆಳಕು ಬಿಡ್ತಾರೆ, ಬೆರಳು ಬಾಗಿದಾಗ ಬೆಳಕಿನ ದಾರಿ ಬದಲಾಗುತ್ತೆ, ಅದರಿಂದ ಚಲನೆ ಅಳೀತಾರೆ. ಬೆಲೆ ಸಾವಿರ ರೂಪಾಯಿಗಿಂತ ಕಡಿಮೆ ಇರಬಹುದು ಅಂತ ಆಗ ಹೇಳಿದ್ದರು. ನನಗೆ ಹಿಡಿಸಿದ್ದು ಬೆಲೆಗಿಂತ ಅದರ ಹಿಂದಿನ ಯೋಚನೆ. ದೂರದಲ್ಲಿ ಕೂತ ಫಿಸಿಯೋಥೆರಪಿಸ್ಟ್ ಇಂಟರ್ನೆಟ್ ಮೂಲಕ ರೋಗಿಯ ಕೈ ಆಡಿಸಲಿ, ಗಮನಿಸಲಿ ಅಂತ ಮಾಡಿದ ಸಾಧನ ಅದು. ಅಂದರೆ ತಂತಿಯ ಆ ಕಡೆ ಒಬ್ಬ ಮನುಷ್ಯ ಇದ್ದಾನೆ. ನಮ್ಮ ಹ್ಯಾಕಥಾನ್ ಸ್ಲೈಡುಗಳಲ್ಲಿ ನಾವು ಮೊದಲು ಅಳಿಸಿ ಹಾಕೋದೇ ಅವನನ್ನು. ಅವನ ಸಂಬಳ ಉಳಿಯುತ್ತೆ ಅಂತ ತೋರಿಸಿದರೆ ಜಡ್ಜುಗಳು ಚಪ್ಪಾಳೆ ತಟ್ತಾರೆ.

ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲೂಕು. ಅಲ್ಲಿಂದ ವಿಜಯಪುರ 20-25 ಕಿಲೋಮೀಟರ್. ಕಾರಿನಲ್ಲಿ ಹೋಗೋ ನಮಗೆ ಅದೊಂದು ದೂರವಲ್ಲ. ಅರ್ಧ ಮೈ ಬಿದ್ದವನನ್ನು ಬಸ್ ಹತ್ತಿಸಿ ಇಳಿಸಿ, ಜೊತೆಗೆ ಹೋದವರು ಒಂದು ದಿನದ ಕೂಲಿ ಬಿಟ್ಟು, ದಿನಾ ಓಡಾಡೋಕೆ ಆಗಲ್ಲ. ಹಾಗಾಗಿ ಎರಡನೇ ವಾರಕ್ಕೆ ಬಿಟ್ಟುಬಿಡ್ತಾರೆ. ಮನೆಮನೆಗೆ ಹೋಗೋ ಒಬ್ಬ ಫಿಸಿಯೋಥೆರಪಿಸ್ಟ್, ಒಂದು ಬೈಕು, ಪೆಟ್ರೋಲು, ಒಂದು ಫೋನು. ಕಂಪನಿಗಳ ಸಿಎಸ್‌ಆರ್ ದುಡ್ಡು ಇಂಥದ್ದಕ್ಕೆ ಹೋಗೋದನ್ನು ನಾನು ನೋಡಿಲ್ಲ. ಯಂತ್ರಕ್ಕಾದರೆ ರಿಬ್ಬನ್ ಕಟ್ ಮಾಡಿ ಫೋಟೋ ತೆಗೆಸಬಹುದು, ಸಂಬಳಕ್ಕೆ ಎಲ್ಲಿ ರಿಬ್ಬನ್ ಕಟ್ಟೋದು?

ಎಂಟು ತಿಂಗಳಾಯ್ತು. ಕಾಕಾ ಈಗ ಬಲಗೈಯಲ್ಲಿ ಡಬ್ಬಿಯ ಮುಚ್ಚಳ ತೆಗೀತಾನೆ, ರೊಟ್ಟಿ ಮುರೀತಾನೆ. ಅಂಗಿ ಗುಂಡಿ ಇನ್ನೂ ಕಾಕುನೇ ಹಾಕಬೇಕು. ಅಕ್ಟೋಬರ್ ಚಾಟ್ನಿಗೆ ಆಳು ಹಚ್ಚಿದ್ದೆವು. ಆತ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಎಡಗೈ ಬೆರಳಿನಿಂದ ಕಣ್ಣು ತೋರಿಸ್ತಾ, ತಪ್ಪು ಕತ್ತರಿಸಿದವರಿಗೆ ಬೈತಾ ಇದ್ದ. ಆ ಮೂರು ವಾರ ಸಿಕ್ಕಿದ್ದರೆ ಗುಂಡಿ ಹಾಕೋಕೆ ಬರ್ತಿತ್ತಾ ಅಂತ ಫಿಸಿಯೋಥೆರಪಿಸ್ಟರನ್ನು ಕೇಳಿದೆ. “ಅದನ್ನ ಕೇಳಬ್ಯಾಡ್ರಿ ಸರ್, ಇವತ್ತಿನ ಲೆಕ್ಕ ಹೇಳ್ರಿ” ಅಂದರು.

ಹ್ಯಾಕಥಾನ್ ಮೇಲಿಗೆ ಉತ್ತರ ಬರೆದೆ. ಬಹುಮಾನ, ಟಿ-ಶರ್ಟು, ಪಿಜ್ಜಾ ಎಲ್ಲ ಸೇರಿ ಎಷ್ಟಾಗುತ್ತೆ, ಅದರಲ್ಲಿ ಒಬ್ಬ ಫಿಸಿಯೋಥೆರಪಿಸ್ಟಿಗೆ ಎಷ್ಟು ತಿಂಗಳ ಸಂಬಳ ಕೊಡಬಹುದು ಅಂತ ಕೇಳಿದ್ದೆ. ‘ಥೀಮಿಗೆ ಹೊಂದುವುದಿಲ್ಲ’ ಅಂತ ಒಂದು ಸಾಲು ಬಂತು. ನಿನ್ನೆ ರಾತ್ರಿ ಮತ್ತೆ ಬರೆದಿದ್ದೀನಿ, ಈ ಸಲ ಕಾಕಾನ ಎಂಟು ತಿಂಗಳ ಎಕ್ಸೆಲ್ ಶೀಟನ್ನೂ ಲಗತ್ತಿಸಿ.