ಅಪರಿಚಿತರ ಬಗ್ಗೆ ಎಚ್ಚರಿಸಿದರೆ ಸಾಲದು

ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ‘ಸಾಮಾಜಿಕ ಸಮಸ್ಯೆಗಳು’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಮಕ್ಕಳ ಸಾಗಾಣಿಕೆಯ ಭಾಗಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯ ಚಾರ್ಟ್ ತರುತ್ತಾರೆ. ಕಪ್ಪು ಕನ್ನಡಕದ ಗಂಡಸು, ಕೈಯಲ್ಲಿ ಚಾಕೊಲೇಟು, ಹಿಂದೊಂದು ವ್ಯಾನು. ‘ಅಪರಿಚಿತರು ಕರೆದರೆ ಏನು ಮಾಡಬೇಕು?’ ಎಂಬ ಮೌಲ್ಯಮಾಪನದ ಪ್ರಶ್ನೆಗೆ ಇಡೀ ತರಗತಿ ‘ಹೋಗಬಾರದು’ ಎನ್ನುತ್ತದೆ. ವೀಕ್ಷಣಾ ಪುಸ್ತಕದಲ್ಲಿ ‘ಉದ್ದೇಶ ಈಡೇರಿದೆ’ ಎಂಬ ಷರಾ ಬೀಳುತ್ತದೆ.

ಈ ಪಾಠ ತಪ್ಪಲ್ಲ. ಆದರೆ ಹುಡುಗಿಯರನ್ನು ಲೈಂಗಿಕ ದಂಧೆಗೆ ಸಾಗಿಸುವವರು ಸಾಮಾನ್ಯವಾಗಿ ಬರುವ ದಾರಿಯನ್ನೇ ಅದು ಬಿಟ್ಟುಬಿಡುತ್ತದೆ. ಕೆಲಸ ಕೊಡಿಸುವ ದೂರದ ಚಿಕ್ಕಮ್ಮ, ‘ವರದಕ್ಷಿಣೆ ಬೇಡ, ಖರ್ಚೆಲ್ಲ ನಮ್ಮದೇ’ ಎನ್ನುವ ಹೊರರಾಜ್ಯದ ವರನನ್ನು ಕರೆತರುವ ದಲ್ಲಾಳಿ, ಮೊಬೈಲಿನಲ್ಲಿ ಪರಿಚಯವಾಗಿ ಪ್ರೀತಿಯ ಮಾತಾಡುವ ಹುಡುಗ: ಮನೆ ಬಿಟ್ಟು ಹೊರಡುವ ದಿನದ ಹೊತ್ತಿಗೆ ಇವರಲ್ಲಿ ಯಾರೂ ಆ ಹುಡುಗಿಗೆ ಅಪರಿಚಿತರಾಗಿರುವುದಿಲ್ಲ.

ಉತ್ತರ ಕರ್ನಾಟಕದ ದೇವದಾಸಿ ಪದ್ಧತಿಯನ್ನೇ ನೋಡಿ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಆಮೇಲೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ತರಗತಿಯಲ್ಲಿ ಇದನ್ನು ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಮನೆಯೊಳಗಿನ ಲೆಕ್ಕ ಬೇರೆಯೇ ಇತ್ತು. ಗಂಡುಮಕ್ಕಳಿಲ್ಲದ ಎಷ್ಟೋ ಬಡ ದಲಿತ ಕುಟುಂಬಗಳು ಮಗಳಿಗೆ ಮುತ್ತು ಕಟ್ಟಿಸಿ ಮನೆಯಲ್ಲೇ ಉಳಿಸಿಕೊಂಡವು. ಅವಳೇ ಮನೆಯ ಮಗನಾದಳು. ತಂದೆಯ ಆಸ್ತಿಯ ಹಕ್ಕು ಅವಳಿಗೆ ಬಂತು, ಮುಪ್ಪಿನವರನ್ನು ಸಾಕುವ ಹೊಣೆಯೂ ಬಂತು. ಮದುವೆಯಿಲ್ಲದ, ದುಡಿಯಲೇಬೇಕಾದ ಹುಡುಗಿಯರನ್ನು ಮೊದಲೇ ಹೋಗಿಬಂದ ಬಂಧುಗಳೋ ಊರಿನವರೋ ಸಾಂಗ್ಲಿ, ಪುಣೆ, ಮುಂಬೈಗೆ ಕರೆದೊಯ್ದರು. ಇವು ಪ್ರೀತಿಯಿಲ್ಲದ ಮನೆಗಳಾಗಿರಲಿಲ್ಲ. ತಂಗಿಯ ಮದುವೆ, ತಮ್ಮನ ಓದು, ಅಪ್ಪನ ಔಷಧಿ ಅವಳ ಹಣದಿಂದಲೇ ನಡೆಯಬೇಕಿತ್ತು. ಹಿಂದಿರುಗದಂತೆ ಅವಳನ್ನು ಕಟ್ಟಿಹಾಕಿದ್ದರಲ್ಲಿ ಬೀಗಕ್ಕಿಂತ ಈ ಋಣದ ಪಾಲು ದೊಡ್ಡದು.

ಕಾನೂನಿಗೂ ಇದು ಗೊತ್ತಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಬಲವಂತ, ವಂಚನೆಗಳ ಜೊತೆಗೆ, ವ್ಯಕ್ತಿಯ ಮೇಲೆ ಹಿಡಿತವಿರುವವರಿಗೆ ಹಣ ಕೊಟ್ಟು ಅವರ ಒಪ್ಪಿಗೆ ಪಡೆಯುವುದನ್ನೂ ಸಾಗಾಣಿಕೆಯ ವಿಧಾನವೆಂದು ಹೆಸರಿಸುತ್ತದೆ. ಹಾಗೆ ಸಾಗಿಸಲ್ಪಟ್ಟವಳು ತಾನೇ ‘ಒಪ್ಪಿದೆ’ ಎಂದರೂ ಅಪರಾಧ ಅಪರಾಧವೇ.

‘ಹಾಗಾದರೆ ಅಪ್ಪ ಅಮ್ಮನನ್ನೇ ನಂಬಬೇಡಿ ಎಂದು ಕಲಿಸೋಣವೇ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ‘ಹೆತ್ತವರೇ ಮಾರುತ್ತಾರೆ’ ಎಂದು ಹಲಗೆಯ ಮೇಲೆ ಬರೆಯುವ ಶಿಕ್ಷಕಿಯ ಎದುರು ದೇವದಾಸಿ ತಾಯಿಯ ಮಗಳು ಕುಳಿತಿರಬಹುದು. ಅರ್ಜಿಯ ‘ತಂದೆಯ ಹೆಸರು’ ಎಂಬ ಅಂಕಣವೇ ಅವಳನ್ನು ಸಾಕಷ್ಟು ನೋಯಿಸಿರುತ್ತದೆ. ಸಂಬಂಧಗಳನ್ನು ಅಪಾಯವೆಂದಷ್ಟೇ ಹೇಳುವುದೂ ಸುಳ್ಳು. ಗುಳೆ ಹೋದ ಅಪ್ಪ ಅಮ್ಮ ಬಿಟ್ಟುಹೋದ ಹುಡುಗಿ, ತಾಯಿ ತೀರಿಕೊಂಡು ಮನೆಯಲ್ಲಿ ಮಾತೇ ಇಲ್ಲದ ಹುಡುಗಿ, ಬಾಲ್ಯವಿವಾಹವಾಗಿ ಗಂಡ ಬಿಟ್ಟು ಬಂದ ಹುಡುಗಿ ಬೇಗ ಬಲೆಗೆ ಬೀಳುವುದು ದಡ್ಡತನದಿಂದಲ್ಲ. ಅವಳು ಕಾಣೆಯಾದರೆ ಕೇಳುವವರು ಕಡಿಮೆ ಎಂಬುದನ್ನು ಕರೆದೊಯ್ಯುವವರು ಮೊದಲೇ ತಿಳಿದುಕೊಂಡಿರುತ್ತಾರೆ.

ಆದ್ದರಿಂದ ಪಾಠಯೋಜನೆಯಲ್ಲಿ ಚಾರ್ಟಿನ ಬದಲು ಒಂದು ಪ್ರಶ್ನೆ ಇಟ್ಟುನೋಡಿ: ‘ಒಂದು ವಾರ ನೀನು ಶಾಲೆಗೆ ಬರದಿದ್ದರೆ ಯಾರು ಯಾರು ಕೇಳುತ್ತಾರೆ?’ ಮಕ್ಕಳು ಹೆಸರುಗಳನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಲಿ. ಯಾವುದನ್ನೂ ಗಟ್ಟಿಯಾಗಿ ಓದಬೇಡಿ, ಗೋಡೆಗೆ ಅಂಟಿಸಬೇಡಿ. ಖಾಲಿ ಬಂದ ಚೀಟಿಯೇ ನಿಮ್ಮ ಮೌಲ್ಯಮಾಪನ. ಮುಂದಿನ ತರಗತಿಯಲ್ಲಿ, ಕೆಲಸಕ್ಕೋ ಮದುವೆಗೋ ಕರೆದುಕೊಂಡು ಹೋಗುತ್ತೇವೆ ಎಂದು ನೆಂಟರು ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸಿ: ಊರು ಯಾವುದು, ವಿಳಾಸವೇನು, ಅಮ್ಮನಿಗೆ ದಿನಾ ಫೋನು ಮಾಡಬಹುದೇ, ಬೇಡವೆನಿಸಿದರೆ ಹಿಂದಿರುಗುವ ಖರ್ಚು ಯಾರದು. 1098 ಬಾಯಿಪಾಠವಾಗಲಿ.

ಇನ್ನೊಂದು ಸಾಧನ ಹಾಜರಿ ಪುಸ್ತಕ. ಹಬ್ಬಕ್ಕೆಂದು ನೆಂಟರ ಮನೆಗೆ ಹೋದವಳು ಹತ್ತು ದಿನವಾದರೂ ಬಾರದಿದ್ದರೆ ಅಲ್ಲಿ ಬೀಳುವ ‘ಗೈ’ ಬರೀ ಅಂಕಿ-ಅಂಶವಲ್ಲ. ಲೈಂಗಿಕ ಅಪರಾಧ ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಶಿಕ್ಷಕರಿಗೆ ಅದರಿಂದ ವಿನಾಯಿತಿಯಿಲ್ಲ, ಪ್ರಶಿಕ್ಷಣಾರ್ಥಿಗಳಿಗೂ ಇಲ್ಲ.

ತೊಡಕು ಒಂದಿದೆ. ಇಂಟರ್ನ್‌ಶಿಪ್ ಮುಗಿದೊಡನೆ ನೀವು ಆ ಶಾಲೆ ಬಿಡುತ್ತೀರಿ, ಖಾಲಿ ಚೀಟಿ ಕೊಟ್ಟವಳು ಅಲ್ಲೇ ಇರುತ್ತಾಳೆ. ಬೀಳ್ಕೊಡುಗೆಯ ಗುಂಪು ಫೋಟೊಗೆ ನಿಲ್ಲುವ ಮೊದಲು ಅವಳ ವಿಷಯವನ್ನು ತರಗತಿ ಶಿಕ್ಷಕರಿಗೆ ಒಬ್ಬರೇ ಇರುವಾಗ ಹೇಳಿ, ಅವಳನ್ನು ಅವರಿಗೆ ಒಪ್ಪಿಸಿ ಬನ್ನಿ.